ಇಟ್ಟುಕೊಳ್ಳುವ ಮೈಕು

ಬೆಳಿಗ್ಗೆ ಬೀರು ಒಪ್ಪ ಮಾಡುವಾಗ ಹಳೆಯ ಕೈಚೀಲವೊಂದರ ತಳದಿಂದ ತುಕ್ಕು ಹಿಡಿದ ನಾಣ್ಯದಂಥ ವಾಸನೆ ಬಂತು. ಕೈ ಹಾಕಿದರೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಕಪ್ಪು ಡಬ್ಬಿ. ಅದರೊಳಗೆ ಬೆಳ್ಳನೆಯ ಉಪ್ಪು ಕಾರಿಕೊಂಡು ಕುಳಿತ ಬ್ಯಾಟರಿ. ಬಳಸದೆ ಮರೆತುಬಿಟ್ಟ ಬ್ಯಾಟರಿ ಹೀಗಾಗುತ್ತದೆ. ನಾನು ಮರೆತಿರಲಿಲ್ಲ, ಆ ಚೀಲ ಮುಟ್ಟಲು ಅಂಜಿದ್ದೆ. ಮರೆವಿಗೂ ಅಂಜಿಕೆಗೂ ಇರುವ ವ್ಯತ್ಯಾಸ ಬ್ಯಾಟರಿಗೆ ತಿಳಿಯುವುದಿಲ್ಲ.

ನಾನು ಅಂಜಿದ್ದೆ ಎಂದರೆ ಗೆಳತಿಯರು ನಂಬುವುದಿಲ್ಲ. ಮುಧೋಳ, ಬೀಳಗಿ, ಜಮಖಂಡಿ, ಎಲ್ಲಿ ಚರ್ಚಾಸ್ಪರ್ಧೆ ಇದ್ದರೂ ಬಸ್ಸು ಹತ್ತುತ್ತಿದ್ದವಳು ನಾನು. ಪರವೋ ವಿರೋಧವೋ ಎಂದು ಕೇಳಿದರೆ ಯಾವುದಾದರೂ ಕೊಡಿ ಎನ್ನುತ್ತಿದ್ದೆ. ದೃಷ್ಟಿ, ಶಕುನ, ರಾಹುಕಾಲ ಎಂದು ಯಾರಾದರೂ ಬಾಯಿ ತೆರೆದರೆ ಪುರಾವೆ ಕೇಳದೆ ಬಿಟ್ಟವಳಲ್ಲ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರ ಮುಂದೆಯೇ ಅವ್ವ ಹೇಳಿಬಿಟ್ಟಿದ್ದಳು: “ಮದ್ಲ ಹೇಳಿಬಿಡತೇನ್ರಿ, ನಮ್ಮ ಹುಡುಗಿ ಯಾರಿಗೂ ಗೋಣು ಹಾಕಾಕಿ ಅಲ್ಲ.” ಅವರು ಚಹಾ ಕುಡಿದು ಹೋದರು.

ಗೋಣು ಎಂದರೆ ಕುತ್ತಿಗೆ. ಗೋಣು ಹಾಕುವುದೆಂದರೆ ನಮ್ಮ ಕಡೆ ತಲೆಯಾಡಿಸಿ ಒಪ್ಪುವುದು. ಹಿರಿಯರ ಮಾತಿಗೆ ಗೋಣು ಹಾಕುತ್ತಾರೆ, ಸಂಬಂಧಕ್ಕೆ ಗೋಣು ಹಾಕುತ್ತಾರೆ, ಹಾಡಿಗಂತೂ ಹಾಕಲೇಬೇಕು. ಹಾಡುವವರು ಒಂದು ಸುತ್ತು ಮುಗಿಸಿ ತಾಳದ ಮೊದಲ ಪೆಟ್ಟಿಗೆ ಬಂದು ನಿಂತಾಗ ಎದುರಿನವರ ಗೋಣು ಅಲುಗದಿದ್ದರೆ, ಎದ್ದು ಹೋದದ್ದಕ್ಕಿಂತ ದೊಡ್ಡ ಅವಮಾನ. ಒಬ್ಬರಿಗೂ ಗೋಣು ಹಾಕದ ನನ್ನ ಕುತ್ತಿಗೆ ಒಬ್ಬಳ ಮುಂದೆ ಮಾತ್ರ ನನ್ನ ಅಪ್ಪಣೆ ಕೇಳದೆ ಆಡುತ್ತಿತ್ತು. ಅವಳು ಕಮಲತ್ತಿ, ನನ್ನ ಅಪ್ಪನ ತಂಗಿ.

ಕಮಲತ್ತಿಯ ಮನೆ ಬನಹಟ್ಟಿಯಲ್ಲಿ. ಹಿತ್ತಲಲ್ಲಿ ಅವಳ ಗಂಡ, ನಮ್ಮ ಮಾಮಾನ ವಿದ್ಯುತ್ ಮಗ್ಗಗಳ ಶೆಡ್ಡು. ನಡುಮನೆಯಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಓಣಿಯ ಹೆಣ್ಣುಮಕ್ಕಳಿಗೆ ಹಾಡಿನ ಪಾಠ. ಮಗ್ಗದ ಖಟಾಖಟಿಯ ನಡುವೆ ಶ್ರುತಿ ಹಿಡಿಯುವುದು ಹೇಗೆ ಎಂದು ಪರ ಊರಿನವರು ಕೇಳುತ್ತಿದ್ದರು. “ಮಗ್ಗ ನಿಂತ್ರನ ನನಗ ಶ್ರುತಿ ತಪ್ಪತೈತ್ರಿ” ಎಂದು ಅವಳು ನಗುತ್ತಿದ್ದಳು. ಸುತ್ತಲಿನ ಊರುಗಳ ಸಭೆಗಳಲ್ಲಿ ಹಾಡಿ ಹೆಸರು ಮಾಡಿದ್ದಳು. ಆದರೆ ಅವಳ ಒಂದು ಹಾಡೂ ಎಲ್ಲಿಯೂ ರೆಕಾರ್ಡ್ ಆಗಿರಲಿಲ್ಲ. ಸಣ್ಣವಳಿದ್ದಾಗ ರೇಡಿಯೋದವರ ಪರೀಕ್ಷೆಗೆ ಹೋಗಿದ್ದಳಂತೆ. ಕೋಣೆಯಲ್ಲಿ ಕೆಂಪು ದೀಪ ಹತ್ತಿದ್ದೇ ತಡ, ಗಂಟಲು ಬಿಗಿದು ಷಡ್ಜವೂ ಹೊರಡಲಿಲ್ಲವಂತೆ. ಅಂದಿನಿಂದ ಯಾರಾದರೂ ಮೊಬೈಲ್ ಎತ್ತಿ ಹಿಡಿದರೆ ಸಾಕು, ನಡುವೆಯೇ ಹಾಡು ನಿಲ್ಲಿಸಿಬಿಡುತ್ತಿದ್ದಳು.

“ಮುಂದ ಅಷ್ಟ ದೊಡ್ಡ ಮೈಕ್ ಇಟ್ಟಿರತಾರಲ್ಲ, ಅದಕ್ಯಾಕ ಅಂಜಂಗಿಲ್ಲ?” ಎಂದು ನಾನು ವಾದ ಹೂಡಿದ್ದೆ.

“ಅದು ಕೇಳಸೂ ಮೈಕು. ಇದು ಇಟ್ಕೊಳ್ಳೂ ಮೈಕು.”

“ಗಂಟಲಕ್ಕ ಅದ್ಹೆಂಗ ಗೊತ್ತಾಕ್ಕೈತಿ ಅತ್ತಿ? ಎರಡೂ ಒಂದ ನಮೂನಿ ತಂತಿ, ಒಂದ ನಮೂನಿ ಕರೆಂಟು.”

“ನಿನ್ನ ವಾದ ನನಗ ತಿಳೀತವ್ವ. ಗಂಟಲಕ್ಕ ತಿಳೀವಲ್ದು.”

ಆ ಗಂಟಲಲ್ಲೇ ಗಡ್ಡೆ ಬೆಳೆಯಿತು. ತೆಗೆಯಲೇಬೇಕು ಎಂದರು ಬೆಳಗಾವಿಯ ಡಾಕ್ಟರು. ಧ್ವನಿಯ ನರ ಅದಕ್ಕೆ ಅಂಟಿಕೊಂಡೇ ಹೋಗಿದೆ, ಮಾತು ಉಳಿಸಿ ಕೊಡುತ್ತೇವೆ, ಹಾಡಿನ ಬಗ್ಗೆ ಮಾತು ಕೊಡಲಾರೆವು ಎಂದರು. ಮರಳಿ ಬರುವಾಗ ಮಹಾಲಿಂಗಪುರದಲ್ಲಿ ಕಬ್ಬಿನ ಗಾಡಿಗಳ ಹಿಂದೆ ನಮ್ಮ ಕಾರು ತೆವಳುತ್ತಿತ್ತು. ಆಗ ಕಮಲತ್ತಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

“ಹಿಡದ ಇಟ್ಕೋ ನನ್ನ ಹಾಡು. ಆದ್ರ ಯಾವಾಗ, ಎಲ್ಲಿ, ಯಾವುದರಾಗ ಹಿಡದಿ ಅಂತ ನನಗ ಗೊತ್ತಾಗಬಾರದು. ಗೊತ್ತಾತಂದ್ರ ಮುಗೀತು.”

“ಹೇಳಿದಿ ಅಂದ್ರ ಅರ್ಧ ಗೊತ್ತಾದಂಗ ಆತಲ್ಲ ಅತ್ತಿ?”

“ಈ ಹೊತ್ತರ ಸುಮ್ನಿರ್ತೀಯೇನ?” ಎಂದರು ಮಾಮಾ, ಸ್ಟೀರಿಂಗಿನ ಹಿಂದಿನಿಂದ.

ನನ್ನಲ್ಲಿ ಅಂಜಿಕೆ ಹೊಕ್ಕದ್ದು ಆಗ. ವಾದದಲ್ಲಿ ಸೋತರೆ ಮುಂದಿನ ಸ್ಪರ್ಧೆ ಇರುತ್ತದೆ. ಇಲ್ಲಿ ನನ್ನ ಕೈ ತಪ್ಪಿದರೆ ಒಂದು ಧ್ವನಿ ಇಡಿಯಾಗಿ ಇಲ್ಲದಾಗುತ್ತದೆ, ಅದೂ ಪುರಾವೆಯಿಲ್ಲದೆ.

ಓದುಗರೇ, ಕದ್ದು ಕೇಳುವ ಸಾಧನ ಎಂದರೆ ಸಿನಿಮಾದವರ ಪೆನ್ನು, ಗುಂಡಿ ಎಂದು ನೀವೂ ನನ್ನಂತೆ ತಿಳಿದಿರಬಹುದು. ಹಾಡಿಗೆ ಅವು ಯಾವುವೂ ಆಗುವುದಿಲ್ಲ. ಮೊಬೈಲ್ ಮಾತಿಗೆ ಹುಟ್ಟಿದ್ದು. ಧ್ವನಿ ಇಳಿದಾಗ ತಾನೇ ಏರಿಸುತ್ತದೆ, ಏರಿದಾಗ ತಾನೇ ಅದುಮುತ್ತದೆ. ಹಾಡಿನ ಏರಿಳಿತವೆಲ್ಲ ರೊಟ್ಟಿ ತಟ್ಟಿದಂತೆ ಸಮವಾಗಿಬಿಡುತ್ತದೆ. ಅಂಗಿಗೆ ಚುಚ್ಚುವ ಸಣ್ಣ ಮೈಕುಗಳಲ್ಲಿ ಎರಡು ಜಾತಿ. ಒಂದು, ಮುಖ ಮಾಡಿದ ಕಡೆಯದನ್ನಷ್ಟೇ ಕೇಳುವ ಹಟಮಾರಿ. ಅರಿವೆ ತಾಗಿದರೂ ಗಾಳಿ ಸೋಕಿದರೂ ದಡದಡ ಎನ್ನುತ್ತದೆ. ಇನ್ನೊಂದು ಸುತ್ತಲಿನದನ್ನೆಲ್ಲ ಕೇಳುತ್ತದೆ, ಪಕ್ಕದವರ ಕೆಮ್ಮನ್ನೂ. ಸ್ವಭಾವಕ್ಕೆ ಮೊದಲನೆಯದು ನನಗೆ ಹತ್ತಿರ, ಆದರೂ ಎರಡನೆಯದನ್ನೇ ಆರಿಸಿದೆ. ಹೆಸರುಕಾಳಿನಷ್ಟು ಸಣ್ಣವು, ಒಂದು ಜೋಡಿ. ಕಿವಿಗೊಂದರಂತೆ ಓಲೆಯ ಹಿಂದೆ ಕೂದಲಲ್ಲಿ ಕೂತರೆ, ಮನುಷ್ಯರೊಬ್ಬರು ಕುಳಿತು ಕೇಳಿದಂತೆಯೇ ಎಡಬಲವಾಗಿ ಹಿಡಿಯುತ್ತವೆ. ತಂತಿ ಜಡೆಯೊಳಗೆ ಇಳಿದು ಬೆನ್ನ ಮೇಲೆ ಹಾದು ತೊಡೆಯ ಮೇಲಿನ ಕೈಚೀಲದೊಳಗಿನ ರೆಕಾರ್ಡರಿಗೆ ಬರಬೇಕು. ಹುಡುಗರಿಗೆ ಈ ಸೌಕರ್ಯವಿಲ್ಲ ಎಂದು ಬೀಗಿದೆ.

ಬೀಗಿದ್ದು ಹೆಚ್ಚು ಹೊತ್ತು ಉಳಿಯಲಿಲ್ಲ. ಈ ಕಾಳುಗಳಿಗೆ ಉಣ್ಣಲು ಚಿಟಿಕೆ ಕರೆಂಟು ಬೇಕು, ಇಲ್ಲದಿದ್ದರೆ ಕಿವುಡು. ರೆಕಾರ್ಡರು ತಾನೇ ಒಂದಿಷ್ಟು ಕೊಡುತ್ತದೆ, ಮಾತಿಗೆ ಸಾಲುವಷ್ಟು. ದೊಡ್ಡ ಸದ್ದು ಬಂದರೆ ಅರೆಹೊಟ್ಟೆಯ ಮೈಕು ತಡೆಯಲಾರದೆ ಧ್ವನಿಯನ್ನು ಒಡೆದುಬಿಡುತ್ತದೆ. ಒಡೆದದ್ದನ್ನು ಆಮೇಲೆ ಯಾರೂ ಕೂಡಿಸಲಾರರು. ಬನಹಟ್ಟಿಯಲ್ಲಿ ದೊಡ್ಡ ಸದ್ದಿಗೆ ಬರವೇ? ಕಿವಿಗೆ ಮೈಕು ಕಟ್ಟಿಕೊಂಡು ಮಾಮಾನ ಶೆಡ್ಡಿನಲ್ಲಿ ನಿಂತೆ. ಮರಳಿ ಕೇಳಿದರೆ ಮಗ್ಗದ ಖಟಾಖಟಿ ಹರಿದ ತಗಡಿನಂತಿತ್ತು. ನಡುವೆ ಒಂಬತ್ತು ವೋಲ್ಟಿನ ಚೌಕ ಬ್ಯಾಟರಿಯ ಡಬ್ಬಿ ಸೇರಿಸಿ ಮತ್ತೆ ನಿಂತೆ. ಈ ಸಲ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿತು. ಗೋಡೆಯ ಕರೆಂಟಿನ ಮಾತೇ ಬೇಡ. ಚಾರ್ಜರ್ ಹಚ್ಚಿದರೆ ಊರಿನ ಮೋಟರುಗಳೆಲ್ಲ ಗುಂಯ್ ಎಂದು ತಂತಿಯಲ್ಲಿ ಬಂದು ಕೂರುತ್ತವೆ.

ಎಲ್ಲ ಸಜ್ಜಾಯಿತೆಂದು ನಿದ್ದೆ ಹೋದವಳಿಗೆ ಆಪರೇಷನ್ನಿಗೆ ಮೊದಲಿನ ಕಮಲತ್ತಿಯ ಕೊನೆಯ ಸಭೆಯ ದಿನ ಬೆಳಿಗ್ಗೆ ಜಮಖಂಡಿಯ ಬಸ್ಸಿನಲ್ಲಿ ಎದೆ ಧಸಕ್ಕೆಂದಿತು. ನಾನು ರೆಕಾರ್ಡರಿನ ಮಟ್ಟ ಗೊತ್ತು ಮಾಡಿದ್ದು ಮಗ್ಗಗಳಿಗೆ! ಮೆಲ್ಲನೆಯ ಆಲಾಪ ಆ ಮಟ್ಟದಲ್ಲಿ ಉಸಿರಿನಂತೆ ಮುಳುಗಿ ಹೋಗುತ್ತಿತ್ತು. ಜಗತ್ತೆಲ್ಲ ಮಗ್ಗದಷ್ಟು ಗದ್ದಲವಾಗಿದೆ ಎಂದು ನಂಬುವವರು ನಮ್ಮ ಮಗ್ಗದ ಊರುಗಳವರು ಮಾತ್ರ. ಫೋನಿನಲ್ಲಿ ನಾವು ಮಾತಾಡುವುದನ್ನು ಕೇಳಿದವರಿಗೆ ಇದು ಗೊತ್ತು. ಬಸ್ಸಿನಲ್ಲೇ ಚೀಲದೊಳಗೆ ಕೈಯಿಟ್ಟು ಮಟ್ಟ ಏರಿಸಿದೆ.

ಕಲ್ಯಾಣ ಮಂಟಪ ತುಂಬಿತ್ತು. ಸಂಘಟಕರು ಎಂದಿನಂತೆ ಕೂಗಿದರು: “ಎಲ್ಲಾರೂ ಮೊಬೈಲ್ ಚೀಲದಾಗ ಇಟ್ಕೋರಿ. ಯಾರರ ಶೂಟಿಂಗ್ ಮಾಡಿದ್ರ ಅಕ್ಕಾರು ಎದ್ದು ಹೊಕ್ಕಾರ, ಆಮ್ಯಾಲ ನಮ್ಮನ್ನ ಬೈಬ್ಯಾಡ್ರಿ.” ನಾನು ಹೆಂಗಸರ ಕಡೆ ಮುಂದೆ ಕುಳಿತೆ. ಓಲೆಯ ಹಿಂದೆ ಇಟ್ಟುಕೊಂಡದ್ದು ಸಭೆಗೆಲ್ಲ ಕಾಣುತ್ತಿದೆ ಎನ್ನಿಸುತ್ತಿತ್ತು. ಹಿಂದೆ ಯಾರೋ ಪಿಸುಗುಟ್ಟಿದರೆ ನನ್ನ ಜಡೆಯ ಮಾತೇ ಎಂದುಕೊಂಡೆ. ಕೈಚೀಲದೊಳಗೆ ದೀಪ ಹತ್ತಿದೆಯೋ ಇಲ್ಲವೋ ನೋಡುವಂತಿಲ್ಲ. ಹೊಸ ಬ್ಯಾಟರಿಯೇ ಹಾಕಿದ್ದೆ, ಆದರೂ ಹೊಸತು ಎನ್ನುವುದಕ್ಕೆ ಅಂಗಡಿಯವನ ಮಾತು ಬಿಟ್ಟರೆ ಪುರಾವೆ ಏನಿತ್ತು?

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು. ಮೈಕು ಕಿವಿಯ ಬಳಿ ಇದ್ದಾಗ ತಲೆ ಅಲುಗಬಾರದು. ಎಡಕ್ಕೆ ತಿರುಗಿದರೆ ಹಾಡು ಬಲಕ್ಕೆ ಓಡುತ್ತದೆ, ಗೋಣು ಹಾಕಿದರೆ ಕೂದಲು ಮೈಕಿಗೆ ಉಜ್ಜುತ್ತದೆ. ನಾನು ಗೋಣನ್ನು ಗೂಟದಂತೆ ನಿಲ್ಲಿಸಿದೆ.

ಕಮಲತ್ತಿ ಬೆಳಗಿನ ತೋಡಿ ಎತ್ತಿಕೊಂಡಳು. ಅವಳು ಯಾವಾಗಲೂ ಎದುರಿಗೆ ಒಂದು ಗೋಣು ಹಿಡಿದು ಹಾಡುವವಳು. ಆ ಗೋಣು ಮಾಮಾನದು. ಅಂದು ಮಾಮಾನ ಕುರ್ಚಿ ಖಾಲಿಯಿತ್ತು. ಬಾಗಿಲಲ್ಲಿ ನನಗೆ ಸಿಕ್ಕಾಗ, “ಕೊನೀದಂತ ತಿಳಕೊಂಡು ಹೆಂಗ ಕೇಳ್ಲಿ? ನಾ ಹೊರಗ ಇರ್ತೇನಿ, ನೀ ಹೋಗು” ಎಂದಿದ್ದರು. ಖಾಲಿ ಕುರ್ಚಿಯ ಮೇಲೆ ಒಂದು ಗಳಿಗೆ ತಡೆದ ಅವಳ ಕಣ್ಣು ಸಭೆಯ ಮೇಲೆಲ್ಲ ಹಾದು ನನ್ನ ಮೇಲೆ ಬಂದು ನಿಂತಿತು. ಹಾಡುತ್ತ ಹಾಡುತ್ತ ಒಂದು ಸುಂದರವಾದ ತಿರುವು ತೆಗೆದು ನನ್ನನ್ನು ನೋಡಿದಳು. ನಾನು ಅಲುಗಲಿಲ್ಲ. ಮತ್ತೊಂದು ತೆಗೆದಳು. ಅಲುಗಲಿಲ್ಲ.

ಪಕ್ಕದ ಅಜ್ಜಿ ಮೊಣಕೈಯಿಂದ ತಿವಿದರು. “ಯಾಕ ತಂಗಿ, ಗೋಣ ಹಿಡದೈತೇನ? ಬಾಮ್ ಕೊಡ್ಲಿ?”

“ಬ್ಯಾಡ್ರಿ ಅಜ್ಜಿ” ಎಂದೆ, ತುಟಿ ಅಲುಗದಂತೆ.

ಅಷ್ಟರಲ್ಲಿ ಕಮಲತ್ತಿಯ ಧ್ವನಿ ಬಿಗಿಯಿತು. ಬೇರೆಯವರಿಗೆ ತಿಳಿದಿರಲಿಕ್ಕಿಲ್ಲ, ನನಗೆ ತಿಳಿಯಿತು. ಗಾಂಧಾರಕ್ಕೆ ಹೋಗಬೇಕಾದವಳು ಹೊಸ್ತಿಲಲ್ಲೇ ನಿಂತು ಹಿಂದಕ್ಕೆ ಬಂದಳು. ನೀರು ಕುಡಿದಳು. ಸೆರಗು ಸರಿಮಾಡುವ ನೆಪದಲ್ಲಿ ಕೈ ಗಂಟಲಿಗೆ ಹೋಯಿತು. ನನ್ನ ಬೆನ್ನಿನಲ್ಲಿ ಬೆವರು ತಂತಿಯ ಗುಂಟ ಇಳಿಯಿತು. ಗೊತ್ತಾಗಿಬಿಟ್ಟಿತು, ಕಂಡುಬಿಟ್ಟಳು, ಇನ್ನು ಎದ್ದು ಹೋಗುತ್ತಾಳೆ, ಕೊನೆಯ ಹಾಡನ್ನು ನಾನೇ ಕೊಂದೆ! ವಾದ ಕಲಿತ ತಲೆ ಆ ಹೊತ್ತಿನಲ್ಲೂ ಪರ ವಿರೋಧ ಹಚ್ಚಿಕೊಂಡು ಕೂತಿತ್ತು. ಅಲುಗದಿದ್ದರೆ ಚೊಕ್ಕ ರೆಕಾರ್ಡು ಸಿಗುತ್ತದೆ, ಹಾಡು ಸಿಗುವುದಿಲ್ಲ. ಅಲುಗಿದರೆ ಹಾಡು ಸಿಕ್ಕೀತು, ರೆಕಾರ್ಡು ಕೆಡುತ್ತದೆ. ತೀರ್ಪು ನಾನು ಕೊಡಲಿಲ್ಲ. ಅವಳು ಮೂರನೆಯ ಸಲ, ಹೆದರಿ ಹೆದರಿ, ಆ ತಿರುವಿಗೆ ಕೈಯಿಟ್ಟಾಗ ನನ್ನ ಗೋಣು ತಾನಾಗಿ ಬಿತ್ತು.

ಕಮಲತ್ತಿಯ ಮುಖ ಬಿಚ್ಚಿಕೊಂಡಿತು. ಆಮೇಲಿನ ಹಾಡನ್ನು ನಾನು ಬಣ್ಣಿಸಲು ಹೋಗುವುದಿಲ್ಲ. ಒಂದು ಸಲ ಬಿದ್ದ ಗೋಣು ಮುಗಿಯುವತನಕ ನಿಲ್ಲಲಿಲ್ಲ ಎಂದರೆ ಸಾಕು.

ಹೊರಗೆ ಕಾರು ಹತ್ತುವಾಗ ಅವಳು ನನ್ನ ರಟ್ಟೆ ಹಿಡಿದಳು. ಮೈಕಿನ ಸುಳಿವೇ ಅವಳಿಗೆ ಹತ್ತಿರಲಿಲ್ಲ.

“ಮದ್ಲ ನೀ ಗೋಣ ಹಾಕಲಿಲ್ಲ ನೋಡು, ನನ್ನ ಜೀವ ಹೋಗಿತ್ತು. ಧ್ವನಿ ಆಗಲೇ ಹೋಗೇತಿ, ನನಗಷ್ಟ ಗೊತ್ತಾಗವಲ್ದು ಅಂತ ತಿಳಕೊಂಡೆ.”

ಅವಳೂ ಅಂಜಿದ್ದಳು, ಆದರೆ ನಾನು ತಿಳಿದ ಅಂಜಿಕೆ ಅದಾಗಿರಲಿಲ್ಲ.

ಆಪರೇಷನ್ ಆಯಿತು. ಮಾತು ಮರಳಿ ಬಂತು, ಒದ್ದೆ ಅರಿವೆ ಹಿಂಡಿದಂಥ ಮಾತು. ಹಾಡು ಗಾಂಧಾರ ದಾಟಿ ಮೇಲೆ ಹೋಗಲಿಲ್ಲ. ಜುಲುಮೆ ಮಾಡಬೇಡಿ, ಹಾಡಲೇಬೇಡಿ, ಕಾದು ನೋಡೋಣ ಎಂದರು ಡಾಕ್ಟರು. ಕಮಲತ್ತಿ ಪಾಠವನ್ನು ಹಾರ್ಮೋನಿಯಮ್ಮಿನ ಬೆರಳಲ್ಲೇ ನಡೆಸಿದಳು. ಹಾಡು ಹಿಡಿದೆಯಾ ಎಂದು ಅವಳು ಕೇಳಲಿಲ್ಲ, ಹಿಡಿದೆ ಎಂದು ನಾನು ಹೇಳಲಿಲ್ಲ. ಇದ್ದುದನ್ನು ಕೇಳಿಸಿದರೆ ಇಲ್ಲದ್ದರ ಅಳತೆ ತೋರಿಸಿದಂತಲ್ಲವೇ? ಹಾಗೆಂದು ನನ್ನೊಡನೆ ನಾನೇ ವಾದಿಸಿ ಗೆದ್ದು, ಗೆದ್ದು ಚೀಲವನ್ನು ಬೀರುವಿನೊಳಗೆ ತಳ್ಳಿದ್ದೆ.

ಇವತ್ತು ಬ್ಯಾಟರಿಯನ್ನು ಎಸೆದು, ರೆಕಾರ್ಡರನ್ನು ಒರೆಸಿ ನೋಡಿದೆ. ಅದಕ್ಕೇನೂ ಆಗಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಬನಹಟ್ಟಿಗೆ ಹೋದೆ. ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು, ಕಮಲತ್ತಿ ಒಬ್ಬಳೇ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಏನೂ ಹೇಳದೆ ಅವಳ ಕಿವಿಗೆ ಇಯರ್‌ಫೋನಿನ ಒಂದು ಗುಂಡಿ ಇಟ್ಟು, ಇನ್ನೊಂದನ್ನು ನನ್ನ ಕಿವಿಗೆ ಇಟ್ಟುಕೊಂಡೆ. ಅವಳ ಬೆರಳು ನಿಂತವು. ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ, ಬುಟ್ಟಿಯಲ್ಲಿನ ಸಿಪ್ಪೆ ನೋಡುತ್ತ ಕುಳಿತೆ. ಹಾಡು ಅರ್ಧ ಸಾಗಿದ ಮೇಲೆ ಅವಳು ಕೇಳಿದಳು:

“ಮದ್ಲ ಹಾಡು ನೆಟ್ಟಗ ನಿಂತಿತ್ತು. ಈಗ್ಯಾಕ ದೂರ ಹೋಗಿ ಹೋಗಿ ಬರಾಕತ್ತೈತಿ?”

“ನಾ ಗೋಣ ಹಾಕಿದ್ದು ಅತ್ತಿ. ಅಲ್ಲಿಂದ ಕೆಟ್ಟೈತಿ. ಮದ್ಲಿಂದು ಅಷ್ಟ ಚೊಕ್ಕ ಐತಿ.”

“ಮದ್ಲಿಂದು ತಗದ ಹಾಕು.”

“ಅತ್ತಿ, ಕೆಟ್ಟಿದ್ದು ಇಟ್ಕೊಂಡು ಛಲೋದು ತಗೀತಾರೇನು?”

“ಅದರಾಗ ಅಂಜಿಕಿ ಐತಿ. ಅದನ್ನ್ಯಾಕ ಇಟ್ಕೋತಿ?”

ನನ್ನ ಬಳಿ ಉತ್ತರಗಳಿದ್ದವು, ಒಳ್ಳೆಯ ಉತ್ತರಗಳೇ. ಒಂದನ್ನೂ ಹೇಳದೆ ಅಷ್ಟನ್ನು ಅಳಿಸಿದೆ.

“ಈಗ ಇದನ್ನ ಕಿತ್ತು ಹೊರಗ ಜೋರಾಗಿ ಹಚ್ಚು” ಎಂದಳು.

ತೋಡಿ ನಡುಮನೆ ತುಂಬಿತು, ಹಿತ್ತಲ ಬಾಗಿಲ ಹೊರಗೂ ಹೋಯಿತು. ಶೆಡ್ಡಿನಲ್ಲಿ ಏನೋ ದಬಕ್ಕೆಂದು ಬಿದ್ದ ಸದ್ದು. ಮರುಗಳಿಗೆ ಮಾಮಾ ತಲೆಯ ತುಂಬ ಹತ್ತಿಯ ಧೂಳಿನೊಡನೆ, ಬರಿಗಾಲಲ್ಲಿ, ಓಡಿ ಬಂದರು.

“ಏ, ಹಾಡಬ್ಯಾಡ! ಹಾಡಬ್ಯಾಡ! ಡಾಕ್ಟರ್ ಏನಂದಾರ? ಇದ್ದ ಮಾತೂ ಕಳಕೋತಿ...”

ಮಾಮಾ ಬಾಗಿಲಲ್ಲೇ ನಿಂತುಬಿಟ್ಟರು. ಹೆಂಡತಿಯ ಬಾಯಿ ಮುಚ್ಚಿತ್ತು. ಹಾಡು ನಡೆದೇ ಇತ್ತು, ಗಾಂಧಾರ ದಾಟಿ ಮೇಲಕ್ಕೆ.

“ಸುಮ್ನ ಕುಂದರ್ರಿ” ಎಂದಳು ಕಮಲತ್ತಿ, ಈಗಿನ ತನ್ನ ಒಡಕು ದನಿಯಲ್ಲಿ. “ಅವತ್ತ ನೀವು ಕೇಳೇ ಇಲ್ಲ.”