ಘಾಟು ಬಂದ ಸಂಜೆ

ಪರದೇಶದಲ್ಲಿ ತಂಗಿಯಿದ್ದ ಕಾಂಡೋ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಒಂದು ಕಾಗದ ಅಂಟಿಸಿದ್ದರು. ಹಲ್ಲು ಕಿಸಿದ ಕಿತ್ತಳೆ ಬಣ್ಣದ ಕುಂಬಳಕಾಯಿಯ ಚಿತ್ರ. ಹ್ಯಾಲೊವೀನ್ ಸಂಜೆ ಆರೂವರೆಯಿಂದ ಎಂಟರವರೆಗೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಬರುತ್ತಾರೆ, ಒಪ್ಪಿಗೆ ಇರುವವರು ಇಂಥದೇ ಚಿತ್ರವನ್ನು ಬಾಗಿಲಿಗೆ ಅಂಟಿಸಿಕೊಳ್ಳಿ, ಅಂಟಿಸದ ಮನೆಯ ಬೆಲ್ ಯಾರೂ ಒತ್ತುವುದಿಲ್ಲ ಎಂದು ಕೆಳಗೆ ಬರೆದಿತ್ತು. ದೆವ್ವಗಳೂ ಅನುಮತಿ ಕೇಳಿ ಬರುವ ಊರಿದು ಎಂದು ನನಗೆ ನಗು ಬಂತು. ನಮ್ಮ ಕಡೆ ಕುಂಬಳಕಾಯಿಗೆ ರಾಕ್ಷಸನ ಮುಖ ಬರೆದು ಬಾಗಿಲಿಗೆ ಕಟ್ಟುವುದು ಕೆಟ್ಟದ್ದು ಒಳಗೆ ಬಾರದಿರಲಿ ಅಂತ, ಇವರು ಕಟ್ಟುವುದು ಬರಲಿ ಅಂತ. ಮೇಲೆ ಹೋಗಿ ತಂಗಿಗೆ ಹೇಳಿದೆ. ಅವಳು ನಗಲಿಲ್ಲ.

ಅವಳು ನಗುವುದನ್ನು ಬಿಟ್ಟು ಆಗಲೇ ಸುಮಾರು ದಿನವಾಗಿತ್ತು. ನಾನು ಗದಗಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳು. ತಂಗಿಯ ಚೊಚ್ಚಲ ಹೆರಿಗೆ, ಬಾಣಂತನಕ್ಕೆ ಅವ್ವ ಹೋಗಬೇಕಿತ್ತು. ಅವ್ವನ ಮೊಣಕಾಲು ಆಪರೇಷನ್ ಅದೇ ಹೊತ್ತಿಗೆ ಬಂದದ್ದರಿಂದ ದಸರೆ ರಜೆಗೆ ಇನ್ನಷ್ಟು ರಜೆ ಸೇರಿಸಿಕೊಂಡು ನಾನು ಹೊರಟೆ. ಒಂದು ತಿಂಗಳ ವಿಸಿಟರ್. ಬ್ಯಾಗಿನ ತುಂಬ ಬಾಣಂತಿಗೆಂದು ಅಂಟಿನ ಉಂಡಿ, ಅಳವಿ ಬೀಜ, ಹೊಗೆ ಹಾಕಲು ಲೋಬಾನ. ಕೂಸು ಹುಟ್ಟಿ ಹತ್ತನೆಯ ದಿನ ತಲುಪಿದೆ. ಹ್ಯಾಲೊವೀನ್ ಬಂದಾಗ ಕೂಸಿಗೆ ಐದನೆಯ ವಾರ, ನನ್ನ ವಾಪಸ್ ಟಿಕೆಟ್‌ಗೆ ಐದು ದಿನ ಉಳಿದಿತ್ತು.

ಬಂದ ಮೊದಲ ದಿನವೇ ನನ್ನ ಕಿವಿಗೆ ಒಂದು ಅಪಸ್ವರ ಬಿದ್ದಿತ್ತು. ತಂಗಿ ನನ್ನ ಜೊತೆ ಬೆಂಗಳೂರು ಕನ್ನಡದಲ್ಲಿ ಮಾತಾಡಿದಳು. ಅವಳ ಗಂಡ ಮೈಸೂರಿನವನು, ಅವನ ಜೊತೆ ಹಾಗೆ ಮಾತಾಡುವುದು ರೂಢಿ, ಅದು ಸರಿ. ರಾಫೆಲ್ಸ್ ಪ್ಲೇಸಿನ ಅವಳ ಆಫೀಸಿನಲ್ಲಿ ಇಂಗ್ಲಿಷ್, ಅದೂ ಸರಿ. ಆದರೆ ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ 'ಏನ ಮಾಡಾಕತ್ತೀಯಕ್ಕ' ಎಂದು ಸುರುಮಾಡುತ್ತಿದ್ದ ಹುಡುಗಿ ಈಗ 'ಊಟ ಬೇಡ ಅಕ್ಕ, ಆಮೇಲೆ ಮಾಡ್ತೀನಿ, ಪ್ಲೀಸ್' ಅನ್ನುತ್ತಿದ್ದಳು. ದೊಡ್ಡ ಊರು ಸೇರಿ ಸೊಕ್ಕು ಬಂದಿದೆ ಎಂದುಕೊಂಡೆ. ನನ್ನ ಬುದ್ಧಿ ಮೊದಲು ಓಡುವುದೇ ಅತ್ತ.

ಫೋನಿನಲ್ಲಿ ಅಲಾರಂ ಇಟ್ಟುಕೊಂಡು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಅಲಾರಂ ಹೊಡೆದರೆ ಎತ್ತಿಕೊಳ್ಳುವಳು, ಮತ್ತೆ ಹೊಡೆದರೆ ಮಲಗಿಸುವಳು. ನಡುವೆ ಕೂಸು ಅತ್ತರೆ ನನ್ನ ಮುಖ ನೋಡುವಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಕೂಸಂತೂ ಹೆಗ್ಗಣವೂ ಅಲ್ಲ, ಬೆಣ್ಣೆ ಮುದ್ದೆಯಂತಿತ್ತು, ಅದರ ಕಾಲಿನ ಬೆರಳು ನೋಡುತ್ತಾ ನಾನು ಅರ್ಧ ತಾಸು ಕೂರುತ್ತಿದ್ದೆ. ಅವಳು ಮಾತ್ರ ಒಂದು ಸಲವೂ ಅದನ್ನು ಸುಮ್ಮನೆ ನೋಡಿದ್ದು ನಾನು ಕಾಣಲಿಲ್ಲ. ಇಡೀ ರಾತ್ರಿ ಎಚ್ಚರವಿರುತ್ತಿದ್ದಳು. ಕೂಸು ಮಲಗಿದಾಗ ನೀನೂ ಮಲಗು ಎಂದರೆ 'ಹೂಂ' ಎಂದು ಕಣ್ಣು ಬಿಟ್ಟುಕೊಂಡೇ ಮಲಗುವಳು.

ನಾನು ಏನು ಮಾಡಿದೆ? ಬೈದೆ. ಉಂಡಿ ತಿನ್ನಲಿಲ್ಲವೆಂದು ಬೈದೆ, ತಲೆಗೆ ಬಟ್ಟೆ ಕಟ್ಟಿಕೊಳ್ಳಲಿಲ್ಲವೆಂದು ಬೈದೆ, ಫ್ಯಾನ್ ಕೆಳಗೆ ಕೂತಳೆಂದು ಬೈದೆ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ, ಸುಮ್ಮನಿರಲು ಅದಕ್ಕೆ ಬರುವುದಿಲ್ಲ. ಆಮೇಲೆ ದಿನಾ ಸಂಜೆ ಅವ್ವ ಫೋನಿನಲ್ಲಿ ಒಂದೇ ರಾಗ ಹಾಡುತ್ತಿದ್ದಳು.

'ಅಕೀಗೆ ದೃಷ್ಟಿ ಆಗೈತಿ. ಅಷ್ಟು ಮಂದಿ ಬಂದು ನೋಡಿ ಹೋಗ್ಯಾರ. ದೃಷ್ಟಿ ತಗಿ ಅಂದ್ರ ತಗೀವಲ್ಲಿ ನೀ.'

ನಮ್ಮದು ಸೂತಕವೆಂಬುದೇ ಇಲ್ಲ ಎಂದು ಎದೆ ತಟ್ಟಿ ಹೇಳಿಕೊಳ್ಳುವ ಮನೆತನ. ಹುಟ್ಟಿದರೂ ಇಲ್ಲ, ಸತ್ತರೂ ಇಲ್ಲ. ಆದರೆ ದೃಷ್ಟಿ ಮಾತ್ರ ಉಂಟು, ಅದರ ಮುಂದೆ ನಮ್ಮ ಯಾವ ವಿಚಾರವೂ ನಿಲ್ಲುವುದಿಲ್ಲ. ಅವ್ವನ ಮಾತು ನನಗೂ ಹಿತವಾಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ದೃಷ್ಟಿಯಾದರೆ ತೆಗೆದುಬಿಡಬಹುದು, ಮುಗಿಯಿತು.

ಹ್ಯಾಲೊವೀನ್ ದಿನ ಬೆಳಿಗ್ಗೆ ತಂಗಿಯ ಗಂಡ ಜುರಾಂಗ್ ಐಲ್ಯಾಂಡಿನ ಕಂಪನಿ ಬಸ್ಸಿಗೆ ಹೊರಡುವ ಮೊದಲು ಬಾಗಿಲಿಗೆ ಕುಂಬಳಕಾಯಿ ಚಿತ್ರ ಅಂಟಿಸಿದ. 'ಮಕ್ಕಳು ಬಂದ್ರೆ ಇವಳಿಗೂ ಸ್ವಲ್ಪ ಚೇಂಜ್ ಆಗುತ್ತೆ ಅಕ್ಕ' ಎಂದ. ಪ್ಲಾಂಟಿನಲ್ಲಿ ಏನೋ ಶಟ್‌ಡೌನ್ ಕೆಲಸವಂತೆ, ಬರುವುದು ತಡ ಅಂದ. ಇವಳು ಹೀಗ್ಯಾಕೆ ಇದ್ದಾಳೆ ಎಂದು ಎರಡು ಸಲ ಕೇಳಿದ್ದೆ, ಎರಡು ಸಲವೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಟ್ಟಿದ್ದ. ನಾನು ಬೂನ್ ಲೇ ಮಾಲಿಗೆ ಹೋಗಿ ಎರಡು ದೊಡ್ಡ ಪ್ಯಾಕೆಟ್ ಚಾಕೊಲೇಟ್ ತಂದೆ. ಜೊತೆಗೆ ಮನಸ್ಸಿನಲ್ಲೇ ಒಂದು ನಿಶ್ಚಯ ಮಾಡಿಕೊಂಡೆ. ದೆವ್ವದ ವೇಷಗಳು ಹೊಸಿಲಿಗೆ ಬರುವ ಮೊದಲೇ ಬಾಣಂತಿಯ ದೃಷ್ಟಿ ತೆಗೆದುಬಿಡಬೇಕು.

ಆರು ಗಂಟೆಗೆ ತಂಗಿಯನ್ನು ಕೂಸಿನ ಸಮೇತ ಹಾಲಿನಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿದೆ. ಅವಳು ಹೇಳಿದಲ್ಲಿ ಕೂತಳು. ಒಣಮೆಣಸಿನಕಾಯಿ, ಹರಳು ಉಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ಮೂರು ಸುತ್ತು ನಿವಾಳಿಸಿದೆ. ಬಂದವರ ಕಣ್ಣು, ಹೋದವರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು ಎಂದು ಅಜ್ಜಿ ಹೇಳುತ್ತಿದ್ದದ್ದನ್ನೆಲ್ಲ ಹೇಳಿದೆ. ಊರಲ್ಲಾದರೆ ಒಲೆಯ ಕೆಂಡಕ್ಕೆ ಹಾಕುತ್ತಿದ್ದೆ. ಇಲ್ಲಿ ಕೆಂಡ ಎಲ್ಲಿಂದ ತರಲಿ? ಗ್ಯಾಸಿನ ಮೇಲೆ ಕಬ್ಬಿಣದ ತವಾ ಕೆಂಪಗೆ ಕಾಯಿಸಿ ಅದರ ಮೇಲೆ ಸುರಿದೆ.

ಈ ಪದ್ಧತಿಗೆ ಒಂದು ಲೆಕ್ಕವಿದೆ. ದೃಷ್ಟಿ ತಗುಲಿದ್ದರೆ ಎಷ್ಟು ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ. ಘಾಟು ಬಂದರೆ ದೃಷ್ಟಿ ಇರಲಿಲ್ಲ ಎಂದು ಅರ್ಥ. ಅಜ್ಜಿ ತೆಗೆದಾಗ ಯಾವತ್ತೂ ಘಾಟು ಬಂದದ್ದು ನನಗೆ ನೆನಪಿಲ್ಲ. ಆವತ್ತು ಬಂತು. ಎಂಥ ಘಾಟು ಅಂದರೆ ಮೊದಲು ನನ್ನ ಕಣ್ಣು ಉರಿಯಿತು, ಆಮೇಲೆ ಗಂಟಲು ಕಟ್ಟಿತು, ಕೂಸು ಸೀನಿ ಕೆಮ್ಮಿ ಕಿರುಚತೊಡಗಿತು. ತಂಗಿ ಕೂಸನ್ನೆತ್ತಿಕೊಂಡು ರೂಮಿಗೆ ಹೋದಳು. ನಾನು ಕೆಮ್ಮುತ್ತಾ ಗ್ಯಾಸ್ ಆರಿಸಿ, ಬುದ್ಧಿಯಿಲ್ಲದವಳ ಹಾಗೆ ಮುಂಬಾಗಿಲು ತೆಗೆದೆ. ಹೊಗೆಯೆಲ್ಲ ಕಾರಿಡಾರಿಗೆ ನುಗ್ಗಿತು.

ಅಷ್ಟು ಹೊತ್ತಿಗೆ ಮಕ್ಕಳ ಹಿಂಡು ಲಿಫ್ಟಿನಿಂದ ಇಳಿದಿತ್ತು. ಬಿಳಿ ಬೆಡ್‌ಶೀಟ್ ಹೊದ್ದವರು, ಕೋರೆಹಲ್ಲಿನವರು, ಕೈಗೆ ಟಾಯ್ಲೆಟ್ ಪೇಪರ್ ಸುತ್ತಿಕೊಂಡವರು. ಎಲ್ಲರೂ ಕೆಮ್ಮುತ್ತಾ ಕುಣಿದಾಡಿದರು. ಹೊಗೆ ತಮಗಾಗಿಯೇ ಬಿಟ್ಟದ್ದು ಎಂದುಕೊಂಡಿದ್ದರು. 'ಈ ಮನೆ ರಿಯಲೀ ಸ್ಕೇರಿ ಲಾ' ಎಂದು ಒಂದು ಪುಟ್ಟ ಹುಡುಗಿ ಈ ಊರಿನ 'ಲಾ' ಸೇರಿಸಿದ ಕನ್ನಡದಲ್ಲಿ ಹೇಳಿದಳು. ಅವಳ ಹಿಂದೆ ಅವಳ ತಾಯಿ ನಿಂತಿದ್ದಳು. ನಾಲ್ಕನೆಯ ಮಹಡಿಯ ಬೆಂಗಳೂರಿನವಳು, ಆಗಾಗ ಸಾರು ಪಲ್ಯ ತಂದು ಕೊಡುತ್ತಿದ್ದವಳು. ಅವಳೂ ತಲೆಬುರುಡೆಯ ಮುಖವಾಡ ಹಾಕಿದ್ದಳು, ದನಿಯಿಂದ ಗುರುತು ಹಿಡಿದೆ. 'ಅಕ್ಕ, ಎಫೆಕ್ಟ್ ಸೂಪರ್, ಆದ್ರೆ ನಮ್ಮನ್ನ ಸಾಯಿಸ್ಬಿಡ್ತೀರ' ಎಂದು ನಕ್ಕಳು.

ನಾನೂ ಕಣ್ಣೊರೆಸಿಕೊಳ್ಳುತ್ತಾ ನಕ್ಕೆ, ಚಾಕೊಲೇಟ್ ಹಂಚತೊಡಗಿದೆ. ಒಳಗೆ ಮಾತ್ರ ಒಂದೇ ಯೋಚನೆ. ಘಾಟು ಬಂತು. ದೃಷ್ಟಿ ಅಲ್ಲ. ಹಾಗಾದರೆ ಇದು ಏನು?

ಆಗ ತಂಗಿ ರೂಮಿನಿಂದ ಹೊರಗೆ ಬಂದಳು. ಕೂಸು ಇನ್ನೂ ಅಳುತ್ತಿತ್ತು. ಚಾಕೊಲೇಟಿಗೆ ಕೈ ಚಾಚಿದ ಮಕ್ಕಳನ್ನು ದಾಟಿ, ನನ್ನನ್ನೂ ದಾಟಿ, ನೇರ ಆ ತಲೆಬುರುಡೆಯ ಮುಂದೆ ಹೋಗಿ ನಿಂತು ಎರಡೂ ಕೈಯಲ್ಲಿ ಕೂಸನ್ನು ಮುಂದೆ ಹಿಡಿದಳು.

'ತಗೊಳ್ಳಿ' ಎಂದಳು.

ಮಕ್ಕಳೆಲ್ಲ ಹೋ ಎಂದು ನಕ್ಕರು. ಬಾಗಿಲಿಗೆ ಬಂದ ಭೂತಕ್ಕೆ ಚಾಕೊಲೇಟಿನ ಬದಲು ಕೂಸು, ಇದಕ್ಕಿಂತ ಒಳ್ಳೆಯ ತಮಾಷೆ ಅವರಿಗೆ ಬೇರೆ ಯಾವ ಮನೆಯಲ್ಲಿ ಸಿಗಬೇಕು? ಆ ಹೆಂಗಸೂ ನಗುತ್ತಲೇ ಕೈ ಒಡ್ಡಿದಳು. ಇಂಥ ತಮಾಷೆಯಲ್ಲಿ ಕೊಟ್ಟ ಕೈ ಹಿಂದಕ್ಕೆ ಬರುತ್ತದೆ. ತಂಗಿಯ ಕೈ ಬರಲಿಲ್ಲ. ಅವಳು ಕೂಸನ್ನು ಪೂರ್ತಿ ಬಿಟ್ಟುಬಿಟ್ಟಳು. ಆ ಹೆಂಗಸು ತಟ್ಟನೆ ಎದೆಗೆ ಒತ್ತಿಕೊಳ್ಳದಿದ್ದರೆ ಕೂಸು ನೆಲಕ್ಕೆ ಬೀಳುತ್ತಿತ್ತು. ತಂಗಿ ತಿರುಗಿ ನೋಡದೆ ಒಳಗೆ ಹೋದಳು.

ಆಕೆ ಒಂದು ಕೈಯಿಂದ ಮುಖವಾಡ ಕಿತ್ತು ತೆಗೆದಳು. ಅವಳ ಮುಖದಲ್ಲಿ ನಗು ಇರಲಿಲ್ಲ. ಕೂಸನ್ನು ನನ್ನ ತೋಳಿಗೆ ಕೊಟ್ಟು, ಮಕ್ಕಳಿಗೆ ಕೇಳಿಸದ ಹಾಗೆ, 'ಅಕ್ಕ, ನಿಮ್ಮ ತಂಗಿನ ನಾಳೆ ಬೆಳಿಗ್ಗೆನೇ ಡಾಕ್ಟರ್ ಹತ್ರ ಕರ್ಕೊಂಡ್ಹೋಗಿ. ನಂಬರ್ ಮೆಸೇಜ್ ಮಾಡ್ತೀನಿ. ಇವತ್ತು ಒಬ್ಬರನ್ನೇ ಬಿಡಬೇಡಿ' ಎಂದಳು. ನಮ್ಮ ಮನೆಯ ವಿಷಯ ಹೇಳಲು ಇವಳು ಯಾರು ಎಂದು ನನಗೆ ಸಿಟ್ಟು ಬಂತು. ಕೂಸು ಸ್ವಲ್ಪದರಲ್ಲಿ ಉಳಿದ ಆ ಗಳಿಗೆಯಲ್ಲೂ ನನಗೆ ಬಂದದ್ದು ಸಿಟ್ಟು. ಹೂಂ ಎಂದು ಬಾಗಿಲು ಹಾಕಿ, ಕುಂಬಳಕಾಯಿ ಚಿತ್ರ ಹೊರಗೇ ಉಳಿಯಿತೆಂದು ಮತ್ತೆ ತೆಗೆದು ಅದನ್ನು ಕಿತ್ತುಕೊಂಡು ಬಂದೆ.

ಒಳಗೆ ಹೋಗಿ ತಂಗಿಯ ಮೇಲೆ ಹರಿಹಾಯ್ದೆ. 'ಅಷ್ಟು ಮಂದಿ ಮುಂದ ನಗೆಪಾಟಲು ಮಾಡಿದಿ. ಕೂಸಿನ ಜೋಡಿ ಯಾರರೆ ಇಂಥಾ ಚಾಷ್ಟಿ ಮಾಡ್ತಾರೇನ?'

ಅವಳು ಮಂಚದ ಅಂಚಿನಲ್ಲಿ ಕೂತಿದ್ದಳು. ತಲೆ ಎತ್ತಿ, ಮೂರು ವಾರದಲ್ಲಿ ಮೊದಲ ಸಲ ನಮ್ಮ ಮಾತಿನಲ್ಲಿ ಮಾತಾಡಿದಳು.

'ನಾ ಚಾಷ್ಟಿ ಮಾಡಲಿಲ್ಲಕ್ಕ. ಅವರು ತಗೊಂಡು ಹೋಗಿದ್ರ ಛಲೋ ಆಗ್ತಿತ್ತು. ಇದು ನಂದು ಅಂತ ಅನಸವಲ್ದು. ಯಾರೋ ಇಟ್ಟು ಹೋಗ್ಯಾರ, ಬಂದು ಕೇಳ್ತಾರ ಅನಸ್ತೈತಿ. ನನಗ ನನ್ನ ಕೈದ ಅಂಜಿಕಿ ಆಗೇತಿ.'

ಕೂಸು ನನ್ನ ಹೆಗಲ ಮೇಲೆ ಬಿಕ್ಕುತ್ತಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತೆ. ಇದಕ್ಕೆ ನಮ್ಮ ಕಡೆ ಒಂದು ಹೆಸರಿದೆ, ಬಾಣಂತಿ ಸನ್ನಿ. ಆ ಹೆಸರು ನನಗೆ ಮೊದಲ ವಾರದಲ್ಲೇ ಹೊಳೆದಿತ್ತು. ಹೊಳೆದದ್ದನ್ನು ಅಲ್ಲೇ ಅದುಮಿ ಉಂಡಿ, ಲೋಬಾನ, ಮೆಣಸಿನಕಾಯಿ ಎಂದು ಓಡಾಡಿದ್ದೆ. ನಮ್ಮ ಸೋದರತ್ತೆಯೊಬ್ಬಳಿಗೆ ಸನ್ನಿಯಾಗಿತ್ತು. ಗಾಳಿ ಸೋಕಿದೆ ಎಂದು ಊರಿಗೆಲ್ಲ ಹೇಳಿ, ಅವಳನ್ನು ಹಿಂದಿನ ಕೋಣೆಯಲ್ಲಿ ಇಟ್ಟಿದ್ದರು. ಆಗ ನಾನು ಆರನೇ ಇಯತ್ತೆ. ಊಟದ ತಾಟು ಬಾಗಿಲ ಹತ್ತಿರ ಇಟ್ಟು ಬರುವ ಕೆಲಸ ನನ್ನದು. ಆಕೆ ಗುಣವಾದಳೋ, ಇಲ್ಲವೋ, ತವರಿಗೆ ಬಂದವಳು ಗಂಡನ ಮನೆಗೆ ಮರಳಲಿಲ್ಲ. ಮಗುವನ್ನು ಅವರು ಕೊಡಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ನನ್ನ ತಂಗಿಗೂ ಹಾಗಾದರೆ ಎಂಬ ಭಯಕ್ಕೆ ನಾನು ಇಷ್ಟು ದಿನ ದೃಷ್ಟಿ ಎಂದು ಹೆಸರಿಟ್ಟುಕೊಂಡಿದ್ದೆ.

ತಂಗಿಯ ಗಂಡ ಬಂದಾಗ ಎಲ್ಲ ಹೇಳಿದೆ. ಬೂಟು ಬಿಚ್ಚದೆ ನಿಂತೇ ಕೇಳಿದ. 'ನಿದ್ದೆ ಇಲ್ಲ ಅಕ್ಕ, ಅದಕ್ಕೇ ಹಾಗೆ' ಎಂದು ಸುರುಮಾಡಿದವನು ಅರ್ಧಕ್ಕೇ ನಿಲ್ಲಿಸಿ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನಿಗೂ ಗೊತ್ತಿತ್ತು. ಗೂಗಲ್ ಮಾಡಿ ಓದಿದ್ದನಂತೆ, ಹೇಳಿದರೆ ನಾನು ಅಪಾರ್ಥ ಮಾಡಿಕೊಂಡು ಊರಿಗೆಲ್ಲ ಟಾಂಟಾಂ ಮಾಡುತ್ತೇನೆಂದು ಹೆದರಿದ್ದನಂತೆ. ನನ್ನ ಬಗ್ಗೆ ಅವನಿಗಿದ್ದ ಅಭಿಪ್ರಾಯ ತಪ್ಪೆಂದು ಹೇಳುವ ಧೈರ್ಯ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ರಜೆ ಹಾಕಿದ. ಆ ಬೆಂಗಳೂರಿನವಳು ಕಳಿಸಿದ ನಂಬರಿಗೆ ಫೋನ್ ಮಾಡಿದರೆ ಹನ್ನೊಂದಕ್ಕೆ ಬನ್ನಿ ಎಂದರು. ಡಾಕ್ಟರು ನನ್ನ ವಯಸ್ಸಿನ ಚೀನೀ ಹೆಂಗಸು. ತಂಗಿಯ ಗಂಡ ಕೂಸನ್ನು ಎತ್ತಿಕೊಂಡು ಹೊರಗೆ ಕೂತ, ನನ್ನನ್ನು ಬಿಟ್ಟು ಒಳಗೆ ಹೋಗುವುದಿಲ್ಲವೆಂದು ತಂಗಿ ನನ್ನ ಸೆರಗು ಹಿಡಿದಿದ್ದಳು. ಡಾಕ್ಟರು ಅವಸರವಿಲ್ಲದೆ ಕೇಳಿದರು, ನಿದ್ದೆ ಹೇಗೆ, ಊಟ ಹೇಗೆ, ಅಳು ಬರುತ್ತದೆಯೇ. ಎಲ್ಲದಕ್ಕೂ ತಂಗಿ ತನ್ನ ಆಫೀಸಿನ ಇಂಗ್ಲಿಷಿನಲ್ಲಿ 'ಓಕೆ', 'ಫೈನ್' ಎಂದಳು. ಹೀಗೇ ಎದ್ದು ಬಂದುಬಿಡುತ್ತೇವೆ ಎಂದು ನನಗೆ ಗಾಬರಿಯಾಯಿತು. ಕೊನೆಗೆ ಡಾಕ್ಟರು, ನಿನಗೆ ಯಾವುದರ ಭಯ ಎಂದು ಕೇಳಿದರು.

ತಂಗಿ ನನ್ನ ಕಡೆ ತಿರುಗಿದಳು.

'ಇಂಗ್ಲಿಷಿನ್ಯಾಗ ನನಗ ಬಾಯಿ ಬರವಲ್ದು. ನೀನ ಹೇಳಕ್ಕ. ನೀ ಊರಿಗೆ ಹೋದ ಮ್ಯಾಲೆ ನನ್ನೊಬ್ಬಾಕಿನ್ನ ಕೂಸಿನ ಜೋಡಿ ಬಿಡಬ್ಯಾಡ್ರಿ ಅಂತ ಹೇಳು. ಬಿಟ್ರ ನಾ ಕೂಸಿಗೆ ಏನರೆ ಮಾಡ್ತೀನಿ ಅಂತ ಹೇಳು.'

ನನ್ನ ಇಂಗ್ಲಿಷು ಬಸ್ ಸ್ಟ್ಯಾಂಡಿನಲ್ಲಿ ದಾರಿ ಕೇಳುವಷ್ಟು. ಮನಸ್ಸಿನಲ್ಲೇ ಒಂದೊಂದೇ ಪದ ಜೋಡಿಸಿಕೊಂಡೆ. ಬಾಗಿಲು ಹಾಕಿದ್ದರೂ ಹೊರಗೆ ಯಾರಿಗಾದರೂ ಕೇಳಿಸೀತೆಂದು ದನಿ ತಗ್ಗಿಸಿ, ತಂಗಿ ಹೇಳಿದ್ದನ್ನು ಹೇಳಿದೆ. ಡಾಕ್ಟರಿಗೆ ನನ್ನ ಉಚ್ಚಾರ ತಿಳಿಯಲಿಲ್ಲ. ಮುಂದೆ ಬಾಗಿ, ಸಾರಿ, ಇನ್ನೊಮ್ಮೆ ಹೇಳುತ್ತೀರಾ, ಸ್ವಲ್ಪ ಜೋರಾಗಿ ಎಂದು ಕೇಳಿದರು.

ತಂಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ಎರಡನೆಯ ಸಲ ನಾನು ಗಟ್ಟಿಯಾಗಿ ಹೇಳಿದೆ.