ಕಗ್ಗಕ್ಕೆ ಉಪ್ಪು ಹಾಕಿದವನ ಕಥೆ

ಭತ್ತದ ಸಸಿಗೆ ನೀರು ಹಾಕಲು ಎಷ್ಟು ಬುದ್ಧಿ ಬೇಕು? ಏನೂ ಬೇಡ. ನನ್ನ ಹತ್ತಿರ ಸ್ವಲ್ಪ ಇತ್ತು, ತೊಂದರೆ ಆದದ್ದೇ ಅದರಿಂದ.

ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನ ತಳಮಹಡಿಯಲ್ಲಿ ನಾಗವೇಣಿಯಕ್ಕ ಇದ್ದಾರೆ. ಕುಮಟಾ ಕಡೆಯವರು. ಬೈಕುಲ್ಲಾದ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ. ಊರಿನಲ್ಲಿ ಅವರ ತಮ್ಮನಿಗೆ ಗಜನಿ ಗದ್ದೆ ಇದೆ (ಹೊಳೆ ಸಮುದ್ರ ಸೇರುವ ಕಡೆ, ಭರತ ಬಂದಾಗ ಉಪ್ಪುನೀರು ನುಗ್ಗುವ ತಗ್ಗು ಭೂಮಿಗೆ ಅಲ್ಲಿ ಗಜನಿ ಅನ್ನುತ್ತಾರೆ). ಬೇರೆ ಭತ್ತ ಅಲ್ಲಿ ಸುಟ್ಟು ಹೋಗುತ್ತದೆ. ನಿಲ್ಲುವುದು ಒಂದೇ ತಳಿ, ಕಗ್ಗ.

ಕಳೆದ ಮಳೆಗಾಲದಲ್ಲಿ ಗಜನಿಯ ಮಣ್ಣಿನ ಕಟ್ಟೆ ಒಡೆಯಿತು. ಬೆಳೆ ಪೂರಾ ಹೋಯಿತು. ಬೀಜಕ್ಕೆ ಅಂತ ಒಂದು ಕಾಳೂ ಉಳಿಯಲಿಲ್ಲ. ಅಕ್ಕಪಕ್ಕದವರನ್ನು ಕೇಳೋಣವೆಂದರೆ ಅವರೆಲ್ಲ ಯಾವತ್ತೋ ಕಗ್ಗ ಬಿಟ್ಟು ಸಿಗಡಿ ಸಾಕಣೆಗೆ ತಿರುಗಿದ್ದರು. ತಮ್ಮ ಫೋನಿನಲ್ಲಿ ಅತ್ತೇಬಿಟ್ಟನಂತೆ.

ಅಕ್ಕ ಫೋನ್ ಇಟ್ಟು ತಲೆ ಎತ್ತಿದರೆ ಬಾಗಿಲ ಚೌಕಟ್ಟಿನಲ್ಲಿ ಕದಿರು! ಹೊಸ್ತಿನ ಹಬ್ಬಕ್ಕೆ ಹೊಸ ಭತ್ತದ ಕದಿರನ್ನು ಬಾಗಿಲಿಗೆ ಕಟ್ಟುವ ಪದ್ಧತಿಯನ್ನು ಅವರು ಮುಂಬೈಗೆ ಬಂದ ಮೇಲೂ ಬಿಟ್ಟವರಲ್ಲ. ಪ್ರತಿ ವರ್ಷ ಊರಿಂದ ತರಿಸುತ್ತಿದ್ದರು. ಈ ಸಲ ಬರಲಿಲ್ಲವಾದ್ದರಿಂದ ಹಿಂದಿನ ಸಲದ್ದೇ ಧೂಳು ಹಿಡಿದು ನೇತಾಡುತ್ತಿತ್ತು. ಇಳಿಸಿ, ಉಜ್ಜಿ, ತೂರಿದರೆ ಒಂದು ಮುಷ್ಟಿ ಕಾಳು.

ಊರಿಗೆ ಕಳಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಮೇ ತಿಂಗಳಲ್ಲಿ ಅಲ್ಲಿ ಬಾವಿನೀರೂ ಉಪ್ಪಾಗಿರುತ್ತದಂತೆ. ಹಳೇ ಬೀಜ, ಮೊದಲು ಮೊಳಕೆ ಬರುತ್ತದೋ ಇಲ್ಲವೋ ಕಣ್ಣಾರೆ ನೋಡಬೇಕು ಅಂದರು. ಟೆರೇಸಿನಲ್ಲಿ ನಾಲ್ಕು ಖಾಲಿ ಪೇಂಟ್ ಬಕೆಟ್ ಇಟ್ಟು ಬಿತ್ತಿದರು. ಅರ್ಧಕ್ಕರ್ಧ ಮೊಳೆಯಲಿಲ್ಲ. ಮೊಳೆತದ್ದು ಮೂರೆಲೆ ಬಿಟ್ಟಾಗ, ತಮ್ಮನ ಜೊತೆ ಕಟ್ಟೆಗೆ ಮಣ್ಣು ಹಾಕಲು ಎಂಟು ದಿನ ರಜೆ ಹಾಕಿ ಊರಿಗೆ ಹೊರಟರು. ಬೆಳಿಗ್ಗೆ, ಸಂಜೆ ನಲ್ಲಿನೀರು ಹಾಕಿ, ಸಾಕು ಎಂದು ಬಕೆಟ್‌ಗಳನ್ನು ನನಗೆ ಒಪ್ಪಿಸಿದರು.

ಸಾಕು ಅಂದರೆ ಸಾಕು ಎಂದು ನನಗೆ ಯಾವತ್ತು ಅನ್ನಿಸಿದೆ? ಮೂರು ದಿನ ಹಾಕಿದೆ. ನಾಲ್ಕನೆಯ ದಿನ ಯೋಚನೆ ಬಂತು. ಇದು ಉಪ್ಪಿನ ಭತ್ತ. ಗಜನಿಯ ಮಗು. ಇದಕ್ಕೆ ಮುಂಬೈಯ ಸಪ್ಪೆ ನೀರು ಹೇಗೆ ಸೇರೀತು? ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ, ಒಂದು ಹಿಡಿ ಕಲ್ಲುಪ್ಪು ಕದಡಿ ಧಾರಾಳವಾಗಿ ಸುರಿದೆ. ಮೂರು ಬಕೆಟ್ ಆಗುವಷ್ಟರಲ್ಲಿ ಲೋಕಲ್ ರೈಲಿಗೆ ಹೊತ್ತಾಯಿತು ಎಂದು ಓಡಿದೆ. ನಾಲ್ಕನೆಯದು ಉಳಿದದ್ದು ಹೀಗೆ, ನನ್ನ ಜಾಣತನದಿಂದಲ್ಲ.

ಎರಡೇ ದಿನ. ಎಲೆಯ ತುದಿಗಳು ಬೆಳ್ಳಗಾದವು. ಆಮೇಲೆ ಸುರುಳಿ ಸುತ್ತಿಕೊಂಡವು. ಒಂದು ಮನೆತನದ ಕೊನೆಯ ಬೀಜ ಅದು!

ಮಗಳು ಮೇಘಾಳನ್ನು ಮೇಲೆ ಕರೆದುಕೊಂಡು ಹೋದೆ. ಬಾಟನಿಯಲ್ಲಿ ಎಂಎಸ್ಸಿ ಮಾಡುತ್ತಿದ್ದಾಳೆ. ಬಕೆಟ್ ನೋಡಿದಳು, ನನ್ನನ್ನು ನೋಡಿದಳು.

"ಪಪ್ಪಾ, ಅದು ಉಪ್ಪು ಟಾಲರೇಟ್ ಮಾಡ್ತದೆ. ಲೈಕ್ ಮಾಡ್ತದೆ ಅಂತ ಯಾರು ಹೇಳಿದ್ರು ನಿಮ್ಗೆ?"

ಭತ್ತ ಎಳೆಯದಿದ್ದಾಗ ಮತ್ತು ಹೂಬಿಡುವಾಗ ಉಪ್ಪಿಗೆ ತೀರಾ ನಾಜೂಕಂತೆ, ಎಂಥಾ ಗಟ್ಟಿ ತಳಿಯಾದರೂ. ಅದಕ್ಕೇ ಗಜನಿಯವರು ಮಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆ ಬೆಳೆಸುವುದು. ಇನ್ನೇನು, ತೊಳೆಯಲು ಶುರುಮಾಡಿದೆವು. ಸಿಹಿನೀರು ಸುರಿ, ತಳದ ತೂತಿನಿಂದ ಬಸಿ, ಮತ್ತೆ ಸುರಿ. (ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ. ತಿನ್ನಿಸಿದವನು ಮೂರು ಮಹಡಿ ನೀರು ಹೊರಬೇಕು ಎಂಬುದು ನನ್ನ ಸೇರ್ಪಡೆ.)

ಮರುದಿನದಿಂದ ಒಂದೊಂದಾಗಿ ಒಣಗಿದವು. ಆದರೆ ಕೆಲವು ಸಸಿಗಳಲ್ಲಿ ನಾನು ಕಂಡದ್ದನ್ನು ಹೇಗೆ ಹೇಳಲಿ? ಬುಡದ ಹಳೇ ಎಲೆ ಸುಟ್ಟು ಹುಲ್ಲಾಗಿದೆ. ನಡುವೆ ಸೂಜಿಯಷ್ಟು ಸಣ್ಣ ಹೊಸ ಎಲೆ, ಹಚ್ಚಹಸಿರು. ಒಂದೇ ಗಿಡ, ಒಂದೇ ಉಪ್ಪು!

ಮೇಘಾ ಅರ್ಧ ಇಂಗ್ಲಿಷಿನಲ್ಲಿ, ಕಾಲು ಹಿಂದಿಯಲ್ಲಿ ವಿವರಿಸಿದಳು. ಭತ್ತದ ಮೊದಲನೆಯ ವರ್ಣತಂತುವಿನಲ್ಲಿ ಒಂದು ಜೀನ್ ಇದೆ. ಬೇರಿನಿಂದ ಎಲೆಗೆ ನೀರು ಏರುವ ಕೊಳವೆಯ ಪಕ್ಕದಲ್ಲಿ ಅದು ಒಂದು ಪ್ರೋಟೀನನ್ನು ಕೂರಿಸುತ್ತದೆ, ನಮ್ಮ ಸೊಸೈಟಿ ಗೇಟಿನಲ್ಲಿ ವಾಚ್‌ಮನ್ ಕೂತ ಹಾಗೆ. ನೀರಿನ ಜೊತೆ ಹೊರಟ ಸೋಡಿಯಮ್ಮನ್ನು ಅದು ಹಿಡಿದು ಬೇರಿಗೇ ವಾಪಸ್ ಎಳೆದುಕೊಳ್ಳುತ್ತದೆ. ಕಣ್ಣು ತಪ್ಪಿಸಿ ಮೇಲೆ ಬಂದದ್ದನ್ನು ಗಿಡ ಹಳೇ ಎಲೆಗೆ ತುಂಬುತ್ತದೆ. ಹಳೇ ಎಲೆ ಸಾಯುತ್ತದೆ, ಹೊಸದು ಉಳಿಯುತ್ತದೆ. ಈ ಜೀನ್ ಎಲ್ಲ ಭತ್ತದಲ್ಲೂ ಇದೆಯಂತೆ. ಉಪ್ಪು ತಡೆದುಕೊಳ್ಳುವ ತಳಿಗಳಲ್ಲಿ ಅದರ ಡಿಎನ್ಎಯ ಕೆಲವೇ ಅಕ್ಷರ ಬೇರೆ. ಕಗ್ಗದಲ್ಲಿರುವುದು ಇದೇ ಜೀನೋ, ಜೊತೆಗೆ ಇನ್ನೆಷ್ಟಿವೆಯೋ ತನಗೆ ಗೊತ್ತಿಲ್ಲ ಅಂದಳು.

ನಾನು ಬಕೆಟ್ ಪಕ್ಕದಲ್ಲೇ ಕೂತುಬಿಟ್ಟೆ. ಈ ಅಕ್ಷರಗಳನ್ನು ಓದಲು ಬಾರದವರು ಇದನ್ನು ಕಾಪಾಡಿದ್ದು ಹೇಗೆ? ಉಪ್ಪುನೀರು ನುಗ್ಗಿದ ವರ್ಷ ಯಾವ ಕದಿರು ನಿಂತಿತೋ ಅದನ್ನೇ ಬೀಜಕ್ಕೆ ಎತ್ತಿಟ್ಟರು. ಮರುವರ್ಷ ಮತ್ತೆ ಅದನ್ನೇ. ಎಷ್ಟು ತಲೆಮಾರು ಹೀಗೆ ಮಾಡಿದರೋ! ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನನಗೆ ಕೈ ಮುಗಿಯಬೇಕು ಅನ್ನಿಸಿತು, ಮುಗಿದೆ. ಮಗಳು ನಗಲಿಲ್ಲ.

ಭಾನುವಾರ ನಾಗವೇಣಿಯಕ್ಕ ಬಂದರು. ಕಟ್ಟೆ ನಿಂತಿದೆ ಎಂದರು. ನಾನು ತಪ್ಪೊಪ್ಪಿಕೊಂಡೆ. ಬೈಗುಳಕ್ಕೆ ತಯಾರಾಗಿಯೇ ಇದ್ದೆ. ಅವರು ನೆಟ್ಟಗೆ ಟೆರೇಸಿಗೆ ಹತ್ತಿ, ಸತ್ತ ಬಕೆಟ್‌ಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಬದುಕಿದ ಹನ್ನೊಂದನ್ನೂ ಒಂದೊಂದಾಗಿ ಮಣ್ಣಿನ ಸಮೇತ ಎಬ್ಬಿಸಿ, ಬುಡಕ್ಕೆ ಕೆಂಪು ದಾರ ಸುತ್ತಿದರು. ನಾಲ್ಕನೆಯ ಬಕೆಟಿನವಕ್ಕೆ ದಾರ ಇಲ್ಲ. ಯಾಕೆ ಅಂದೆ.

"ದಾರ ಕಟ್ಟಿದ್ದನ್ನ ಕಟ್ಟೆಯ ತೂಬಿನ ಬಾಯಿಗೇ ನೆಡೂದು. ಉಪ್ಪು ಮೊದ್ಲು ಬರೂದೇ ಅಲ್ಲಿ."

ನನಗೆ ಮೈ ಜುಮ್ಮೆಂದಿತು. ಅಷ್ಟೂ ತಲೆಮಾರು ಮಾಡಿದ ಕೆಲಸ ನನ್ನ ಕಣ್ಣೆದುರೇ, ಜೋಗೇಶ್ವರಿಯ ಟೆರೇಸಿನಲ್ಲಿ ನಡೆಯುತ್ತಿತ್ತು. ಜೊತೆಗೆ ಎದೆಯಿಂದ ಒಂದು ಭಾರವೂ ಇಳಿಯಿತು. ಹಾಗಾದರೆ ನನ್ನ ಉಪ್ಪಿನಿಂದ ಒಳ್ಳೆಯದೇ ಆಯಿತಲ್ಲ?

ವಾರವಾರ ಪೇಪರಿಗೆ ಬರೆಯುವ ಅಂಕಣಕಾರನ ಬಾಯಿ, ಸುಮ್ಮನಿರುತ್ತದೆಯೇ? ಇವು ನಮ್ಮ ಮುಂಬೈಯವರ ಹಾಗೇ ಅಕ್ಕ, ಎಂದು ಭಾಷಣ ಶುರುಮಾಡಿದೆ. ದಾದರ್ ಮುಳುಗಲಿ, ಲೋಕಲ್ ನಿಲ್ಲಲಿ, ಮರುದಿನ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹಾಜರ್, ಇದಕ್ಕೇ ಪೇಪರಿನವರು ಮುಂಬೈ ಸ್ಪಿರಿಟ್ ಅನ್ನುವುದು, ನೋಡಿ ಹನ್ನೊಂದು ಸಸಿ ಹೇಗೆ ಎದ್ದು ನಿಂತಿವೆ ಎಂದೆಲ್ಲ. ಈ ವಾರದ ಕೊನೆಯ ಸಾಲು ಸಿಕ್ಕಿತು ಎಂದು ಒಳಗೊಳಗೇ ಖುಷಿಯೂ ಆಯಿತು.

ಅಕ್ಕ ದಾರ ಹಲ್ಲಿನಲ್ಲಿ ಕಡಿದು, ಒಣಗಿದ ಸಸಿಗಳನ್ನು ಒಂದೊಂದೇ ಕಿತ್ತು ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದರು.

"ಉಳಿದದ್ದು ಹನ್ನೊಂದು, ಹೌದು ಅಣ್ಣ. ಸತ್ತದ್ದು ಎಷ್ಟು, ಎಣಿಸಿದ್ರಾ?"