ಕಡಲಿಗೆ ಅಡ್ಡ ನಿಲ್ಲದ ಕೈ

ಒಂದಾನೊಂದು ಕಾಲದಲ್ಲಿ, ಕಡಲನ್ನೇ ಕಾಣದ ಒಬ್ಬ ಅರಸನಿದ್ದನಂತೆ. ಕಡಲು ತೋರಿಸಿ ಎಂದಾಗ ನೂರು ಮಂತ್ರಿಗಳು ಅವನ ಮುಂದೆ ಸಾಲಾಗಿ ನಿಂತರು. ಒಬ್ಬ ಗಾಳಿಯ ಸುದ್ದಿ ಹೇಳಿದ, ಒಬ್ಬ ಆಳದ್ದು, ಇನ್ನೊಬ್ಬ ಮೀನಿನದು. ಮುಂಡಾಸುಗಳ ಸಾಲಿನಾಚೆ ಅರಸನಿಗೆ ಕಡಲು ಕಾಣಲೇ ಇಲ್ಲ. ಸಿಟ್ಟಿನಿಂದ ಎಲ್ಲರನ್ನೂ ಓಡಿಸಿ ಒಬ್ಬನೇ ದೋಣಿ ಹತ್ತಿದ. ಕಡಲೇನೋ ಕಂಡಿತು, ಆದರೆ ನೀರಿನಡಿಯಲ್ಲಿ ಬಂಡೆಯಿದೆ ಎನ್ನಲು ಯಾರೂ ಇರಲಿಲ್ಲ.

ಹಾಗಾದರೆ ಎಷ್ಟು ಮಂತ್ರಿಗಳನ್ನು ಉಳಿಸಿಕೊಳ್ಳಬೇಕಿತ್ತು? ಬೆಳಗಿನ ಐದೂ ಮುಕ್ಕಾಲಿಗೆ, ಬೊಕ್ಕಪಟ್ಣದ ದಡದಲ್ಲಿ ಕಟ್ಟಿಹಾಕಿದ ದೋಣಿಯ ಮೇಲೆ ಮೊಬೈಲ್ ಹಿಡಿದು ನಿಂತಿರುವ ಅಶ್ಮಿತಾ ಅವರ ತಲೆ ಕೊರೆಯುತ್ತಿರುವುದೂ ಇದೇ ಪ್ರಶ್ನೆ.

ಇಪ್ಪತ್ತೊಂಬತ್ತರ ಅಶ್ಮಿತಾ ಉರ್ವದ ಪುಟ್ಟ ವಿಡಿಯೊ ಗೇಮ್ ಕಂಪನಿಯೊಂದರ ವಿನ್ಯಾಸಗಾರ್ತಿ. ಆಟದ ಪರದೆಯ ಮೇಲೆ ಅಂಕಿ, ಬಾಣ, ಮಾಪಕಗಳಲ್ಲಿ ಯಾವುದು ಇರಬೇಕು, ಯಾವುದು ಕಣ್ಣಿಗೆ ಅಡ್ಡ ಬರುತ್ತದೆ ಎಂದು ತೀರ್ಮಾನಿಸುವುದು ಅವರ ಕೆಲಸ. ಈಗ ಕೈಯಲ್ಲಿರುವುದು ಮೀನುಗಾರರ ಆಟ. ನದಿ ಕಡಲು ಸೇರುವ ಅಳಿವೆಯಲ್ಲಿ ಮರಳುದಿಬ್ಬಗಳನ್ನು ತಪ್ಪಿಸಿ ದೋಣಿ ದಾಟಿಸಬೇಕು.

ಮೊದಲು ಅವರು ಇಟ್ಟದ್ದು ಹನ್ನೊಂದು ಮಾಪಕ. ಸೋದರಮಾವ ಸೇಸಪ್ಪ, ನಲವತ್ತು ವರ್ಷ ದೋಣಿ ನಡೆಸಿದ ತಾಂಡೇಲ, ಅದನ್ನು ನೋಡಿ ನಕ್ಕಿದ್ದರು: "ಎಂತ ಮಗಾ ಇದು, ದೋಣಿಯಾ, ಐಸಿಯುವಾ? ಅಳಿವೆಯಲ್ಲಿ ಕಣ್ಣು ಕೆಳಗೆ ಹೋಯ್ತು ಅಂದ್ರೆ ದೋಣಿಯೂ ಕೆಳಗೆ."

ಮಾತು ನಾಟಿತು. ಹನ್ನೊಂದನ್ನೂ ಅಳಿಸಿದರು. ಕಡಲು ಪರದೆ ತುಂಬ ಹರಡಿತು. ಆದರೆ ಕಳೆದ ವಾರ ಹತ್ತು ಮಂದಿ ಹೊಸಬರು ಆಡಿದಾಗ ಎಂಟು ದೋಣಿಗಳು ದಿಬ್ಬಕ್ಕೆ ಬಡಿದವು. "ಆಟದಲ್ಲಿ ಸತ್ತರೆ ತೊಂದರೆ ಇಲ್ಲ, ಮತ್ತೆ ಶುರು ಮಾಡ್ತಾರೆ. ಯಾಕೆ ಸತ್ತೆ ಅಂತ ಗೊತ್ತಾಗದಿದ್ರೆ ಆಟವನ್ನೇ ಮೊಬೈಲಿಂದ ತೆಗೆದುಹಾಕ್ತಾರೆ" ಎನ್ನುತ್ತಾರೆ ಅಶ್ಮಿತಾ.

ಇವತ್ತು ಹತ್ತು ಗಂಟೆಯೊಳಗೆ ಆಟವನ್ನು, ಅದನ್ನು ಮಾರುಕಟ್ಟೆಗೆ ತರುವ ಸಂಸ್ಥೆಗೆ ಕಳುಹಿಸಬೇಕು. ಕಂಪನಿಯ ಯಜಮಾನ ಅಲ್ಫೋನ್ಸ್ ಖಡಾಖಂಡಿತವಾಗಿ ಹೇಳಿದ್ದಾರೆ: "ಗೇಮಿನ ಗಂಧಗಾಳಿ ಇಲ್ಲದ ಒಬ್ಬರು, ನಾವು ಬಾಯಿ ಬಿಡದೆ, ಅಳಿವೆ ದಾಟ್ಲಿ. ಇಲ್ಲಾಂದ್ರೆ ಹನ್ನೊಂದು ಮಾಪಕವೂ ವಾಪಸ್." ದಾಟಿಸಿ ತೋರಿಸ್ತೇನೆ ಎಂದು ಅಶ್ಮಿತಾ ಮಾತು ಕೊಟ್ಟಾಗಿದೆ. ಎಂಟು ತಿಂಗಳ ದುಡಿಮೆ ಈಗ ಆ ಮಾತಿನ ಮೇಲೆ ನಿಂತಿದೆ.

ಖಾಲಿ ಜಾಗದ ಬೆಲೆ ಅವರು ಕಲಿತದ್ದು ಕುದ್ರೋಳಿಯ ಫ್ಲೆಕ್ಸ್ ಅಂಗಡಿಯಲ್ಲಿ. ಮೂರು ವರ್ಷ ಮದುವೆ, ಗೃಹಪ್ರವೇಶದ ಬ್ಯಾನರ್ ಮಾಡಿದರು. "ಸ್ವಲ್ಪ ಜಾಗ ಬಿಟ್ಟರೆ ಗಿರಾಕಿ ಬೈಯುದು, ಇಲ್ಲಿ ಇನ್ನೆರಡು ಮುಖ ಹಾಕಬಹುದಿತ್ತಲ್ಲಾ ಅಂತ!" ಈಗ ದಿನಕ್ಕೆ ಇಪ್ಪತ್ತು ಚಿತ್ರ ಬಿಡಿಸುತ್ತಾರೆ, ಹದಿನೆಂಟನ್ನು ತಾವೇ ಅಳಿಸುತ್ತಾರೆ. ಮನೆಯಲ್ಲಿ ಅಮ್ಮನಿಗೆ ಇಂದಿಗೂ ಒಗಟು: ಅಳಿಸಲು ಸಂಬಳ ಕೊಡುವವರು ಯಾರು?

ಮೊಬೈಲಿನಲ್ಲಿ ಕೊನೆಯ ಉಪಾಯ ಓಡುತ್ತಿದೆ. ಆಟದ ದೋಣಿಯ ಮುಂತುದಿಯಲ್ಲಿ ಒಬ್ಬ ಮೀನುಗಾರ. ಅವನ ತಲೆಯ ಮೇಲೆ ದಾರಿ ಹೇಳುವ ಅಕ್ಷರಗಳು. ದಡದ ದೋಣಿಯಲ್ಲಿ ಪಕ್ಕದಲ್ಲೇ ಕುಳಿತ ಸೇಸಪ್ಪ ಅದನ್ನು ನೋಡಿ ಕಣ್ಣು ಕಿರಿದು ಮಾಡುತ್ತಾರೆ.

"ಇವ ಎಂತ ಭಾಷಣ ಮಾಡುದಾ? ಇಂಜಿನ್ ಸದ್ದಲ್ಲಿ ಯಾರಿಗೆ ಕೇಳ್ತದೆ ಮಾರಾಯ್ತಿ? ಮುಂದೆ ನಿಂತವ ಕೈ ಮಾಡುದು, ಅಷ್ಟೆ."

"ಹೇಗೆ ಮಾವ? ಮಾಡಿ ತೋರಿಸಿ."

ಮಾವ ಮುಂತುದಿಗೆ ಹೋಗಿ ಬೆನ್ನು ಹಾಕಿ ನಿಲ್ಲುತ್ತಾರೆ. ಬಲಗೈ ಚಾಚುತ್ತಾರೆ: ಬಲಕ್ಕೆ. ಎಡಗೈ: ಎಡಕ್ಕೆ. ಅಂಗೈ ಹಿಂದಕ್ಕೆ ತಿರುಗಿಸಿ ನಿಲ್ಲಿಸುತ್ತಾರೆ: ತಡಿ, ದೊಡ್ಡ ಅಲೆ ಹೋಗಲಿ. ನೋಟ ಮಾತ್ರ ನೀರಿನಿಂದ ಕದಲುವುದಿಲ್ಲ. ಅಶ್ಮಿತಾ ವಿಡಿಯೊ ಮಾಡಿಕೊಳ್ಳುತ್ತಾರೆ.

"ಡೀಸೆಲ್ ಎಷ್ಟುಂಟು ಅಂತ ಒಂದು ಇಡು" ಎನ್ನುತ್ತಾರೆ ಮಾವ. "ಅದನ್ನು ಕಡಲು ಹೇಳುದಿಲ್ಲ."

ಏಳರ ಸಿಟಿ ಬಸ್ಸಿನಲ್ಲಿ ನಿಂತುಕೊಂಡೇ ಗೀಚಲು ಶುರು. ಕಚೇರಿಯಲ್ಲಿ ಕೈಯ ಮೂರು ಭಂಗಿಗಳೂ ಡೀಸೆಲ್‌ನ ಒಂದೇ ಮಾಪಕವೂ ಸಿದ್ಧವಾಗುವಾಗ ಗಂಟೆ ಒಂಬತ್ತು. ಅಲ್ಫೋನ್ಸ್ ಅವನ್ನು ಆಟದೊಳಗೆ ಸೇರಿಸುವಾಗ ಒಂಬತ್ತೂ ನಲವತ್ತು. ಪರೀಕ್ಷೆಗೆಂದು ಕರೆದ, ಎಲ್ಲರೂ ಗೌರವದಿಂದ ‘ಬಾಯಿ’ ಎನ್ನುವ ಕೆಳಗಿನ ಟೈಲರ್ ಅಂಗಡಿಯ ಗ್ಲ್ಯಾಡಿಸ್ ಕೊರಳಲ್ಲಿ ಅಳತೆಯ ಟೇಪ್ ಸಮೇತ ಹತ್ತಿ ಬರುತ್ತಾರೆ. ವಯಸ್ಸು ಅರವತ್ತು, ಮೊಬೈಲಿನಲ್ಲಿ ಆಟ ಆಡುವುದು ಇದೇ ಮೊದಲು.

"ನನ್ನಿಂದ ದೋಣಿ ಮುಳುಗಿದ್ರೆ ಬೈಬೇಡಿ ಆಯ್ತಾ."

ಯಾರೂ ಉತ್ತರಿಸುವಂತಿಲ್ಲ. ದೋಣಿ ಮೊದಲ ದಿಬ್ಬದತ್ತ ನೇರ ಹೋಗುತ್ತದೆ. ಮುಂತುದಿಯ ಕೈ ಎಡಕ್ಕೆ ಚಾಚುತ್ತದೆ. ಗ್ಲ್ಯಾಡಿಸ್ ಬಾಯಿ ಎಡಕ್ಕೆ ವಾಲುತ್ತಾರೆ, ದೋಣಿಯೂ ವಾಲುತ್ತದೆ. ಮುಂದೆ ಅಲೆ ಏಳುತ್ತದೆ, ಅಂಗೈ ತಡೆಯುತ್ತದೆ, ದೋಣಿ ನಿಧಾನಿಸುತ್ತದೆ. ಒಂದು, ಎರಡು, ಮೂರು. ಬಿಳಿ ನೊರೆ ಪಕ್ಕದಲ್ಲೇ ಒಡೆದು ಹಿಂದೆ ಸರಿಯುತ್ತದೆ. ಮುಂದೆ ಬರಿಯ ನೀಲಿ.

"ಅಬ್ಬಾ, ಕಡಲು ಎಷ್ಟು ಚಂದ ಉಂಟು!"

"ದಾರಿ ಹೇಗೆ ಗೊತ್ತಾಯ್ತು ಬಾಯಿ?" ಅಶ್ಮಿತಾ ಕೇಳುತ್ತಾರೆ.

"ಗೊತ್ತಾಗ್ಲಿಕ್ಕೆ ಎಂತ ಉಂಟು? ನಾನೇ ಹೋದದ್ದಲ್ವಾ!"

ಅಲ್ಫೋನ್ಸ್ ಎದ್ದು, ಕಂಪ್ಯೂಟರ್ ಮುಂದಿನ ತಮ್ಮ ಕುರ್ಚಿಯನ್ನು ಅಶ್ಮಿತಾ ಕಡೆಗೆ ಸರಿಸುತ್ತಾರೆ. ಹತ್ತಕ್ಕೆ ಆರು ನಿಮಿಷ ಇರುವಾಗ ಅಶ್ಮಿತಾ ಕಳುಹಿಸುವ ಗುಂಡಿ ಒತ್ತುತ್ತಾರೆ.